ಸಾಹುಕಾರರ ಎತ್ತರ

ಸಾಹುಕಾರರು ಗಿಡ್ಡ ಅನ್ನುವ ಮಾತನ್ನು ಅಪ್ಪ ಗುರುವಾರ ಮುಂಜಾನೆ ಉಪ್ಪಿಟ್ಟಿನ ಮೇಲೆ ಶೇವು ಉದುರಿಸಿಕೊಳ್ಳುತ್ತ ಅಂದುಬಿಟ್ಟಿದ್ದ. ಬೇಕಂತ ಅಂದದ್ದಲ್ಲ. “ನಿನ್ನ ಐಸಿಯುದಾಗ ಸಾಹುಕಾರ್ರು ಈಗ ಹೆಂಗದಾರ?” ಎಂದು ಕೇಳಿದ, “ಹಂಗಽ ಅದಾರ” ಎಂಬ ಉತ್ತರ ಬಂತು, “ಪಾಪ, ಗಿಡ್ಡ ದೇಹ, ಎಷ್ಟಂತ ತಡೀತೈತಿ” ಎಂದು ತನ್ನಷ್ಟಕ್ಕೆ ಮರುಗಿ ಚಹಾಕ್ಕೆ ಕೈ ಚಾಚಿದ. ಮಗ ಡಾಕ್ಟರ್ ಕಲ್ಲೇಶನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. “ಯಾರು ಗಿಡ್ಡ?” ಎಂದು ಕೇಳಿದ. “ಸಾಹುಕಾರ್ರು. ನಿನ್ನಷ್ಟ ಇರಬೇಕು, ಇಲ್ಲಾ ಎರಡು ಬೆರಳು ಕಡಿಮಿ. ನೀ ಕಂಡಿಲ್ಲೇನು? ಗಾದಿ ಕೆಳಗ ಎರಡು ಹಲಗಿ ಇಟ್ಟಾವ ನಾನಽ. ಮುಂದ ಕುಂತ ರೈತ ತಲಿ ಎತ್ತಿ ನೋಡಬೇಕು ಅಂತ ಅವರ ಹುಕುಂ ಇತ್ತು. ಮ್ಯಾಲ ತಲಿಗೆ ಸುತ್ತಿದ ಪಟಗಾ ಬ್ಯಾರೆ.” ಅಪ್ಪ ಬೀರಲಿಂಗಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ಈ ಸಾಹುಕಾರ ಗುರುಸಿದ್ದಯ್ಯನವರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದವನು. ಅವನ ಕಣ್ಣಿನ ಅಂದಾಜು ಹೆಚ್ಚೆಂದರೆ ಅರ್ಧ ಬೆರಳು ತಪ್ಪೀತು. “ನಿನ್ನಷ್ಟ” ಎಂದದ್ದು ಕಲ್ಲೇಶನಿಗೆ ಬೇರೆಯಾಗಿಯೇ ಚುಚ್ಚಿತು. ಮದುವೆಯ ಹೊತ್ತಿಗೆ ಹೆಣ್ಣಿನ ಕಡೆಯವರಿಗೆ ಕೊಟ್ಟ ಚೀಟಿಯಲ್ಲಿ ಅವನು ಐದು ಅಡಿ ಆರು ಇಂಚು ಇದ್ದ. ಅಕ್ಷತೆ ಬೀಳುವ ಹೊತ್ತಿಗೆ ಐದು ಮೂರಕ್ಕೆ ಇಳಿದಿದ್ದ. ಆ ಮೂರು ಇಂಚಿನ ಮಾತನ್ನು ಹೆಂಡತಿ ಇವತ್ತಿಗೂ ಆಡಿಲ್ಲ, ಆಡದೆಯೇ ಹದಿನಾರು ವರ್ಷದಿಂದ ಗೆಲ್ಲುತ್ತ ಬಂದಿದ್ದಾಳೆ.

ಧಾರವಾಡದ ಮಾಳಮಡ್ಡಿಯ ಮನೆಯಿಂದ ಹುಬ್ಬಳ್ಳಿಯ ಆಸ್ಪತ್ರೆಯವರೆಗೆ ಆ ಎರಡು ಹಲಗೆಗಳು ಅವನ ತಲೆಯಿಂದ ಇಳಿಯಲಿಲ್ಲ. ಪಕ್ಕದಲ್ಲಿ ತಮಗೇ ಮೀಸಲಾದ ದಾರಿಯಲ್ಲಿ ಚಿಗರಿ ಬಸ್ಸುಗಳು ಯಾರ ಹಂಗೂ ಇಲ್ಲದೆ ಓಡುತ್ತಿದ್ದವು. ಕಲ್ಲೇಶ ಅಂಥಿಂಥ ಡಾಕ್ಟರನಲ್ಲ. ಅವಳಿನಗರದ ಐಸಿಯುಗಳಲ್ಲಿ ಅವನಿಗೆ ‘ಮೂವತ್ತರ ಡಾಕ್ಟರ್’ ಎಂದೇ ಹೆಸರು. ನ್ಯುಮೋನಿಯಾ ಬಡಿದು ಎರಡೂ ಶ್ವಾಸಕೋಶ ನೀರು ತುಂಬಿ ಗಟ್ಟಿಯಾದ ರೋಗಿಗೆ ವೆಂಟಿಲೇಟರಿನಿಂದ ಗಾಳಿ ಕೊಡುವಾಗ ಒಳಗಿನ ಒತ್ತಡ ಮೂವತ್ತು ದಾಟಬಾರದು. ದಾಟಿದರೆ ಬದುಕಿಸಲು ಕೊಟ್ಟ ಗಾಳಿಯೇ ಶ್ವಾಸಕೋಶವನ್ನು ಹರಿಯುತ್ತದೆ. ಇದು ಅವನು ಕಂಡುಹಿಡಿದದ್ದೇನಲ್ಲ, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಪ್ರತಿ ಹಾಸಿಗೆಯ ತಲೆದೆಸೆಗೆ ಅಂಟಿಸಿದ ಪುಣ್ಯಾತ್ಮ ಅವನೊಬ್ಬನೇ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲು: ಡಾ. ಕಲ್ಲೇಶ ಅವರನ್ನು ಕೇಳದೆ ಯಾರೂ ಸೆಟ್ಟಿಂಗ್ ಮುಟ್ಟಬಾರದು. ಇನ್ನು ಎಷ್ಟು ಗಾಳಿ ಕೊಡಬೇಕು ಅನ್ನುವುದು ರೋಗಿಯ ತೂಕದ ಮೇಲಲ್ಲ, ಎತ್ತರದ ಮೇಲೆ. ಹೊಟ್ಟೆ ಬೆಳೆದ ಹಾಗೆ ಶ್ವಾಸಕೋಶ ಬೆಳೆಯುವುದಿಲ್ಲ. ಅದಕ್ಕೇ ಅಂದಾಜು ಬೇಡ, ಮನೆಯವರ ಮಾತು ಬೇಡ, ಮಲಗಿದವನನ್ನು ತಲೆಯಿಂದ ಹಿಮ್ಮಡಿಯ ತನಕ ಟೇಪು ಹಿಡಿದು ಅಳೆಯಿರಿ ಎಂದು ಅವನು ಹೊಸ ಡಾಕ್ಟರುಗಳನ್ನು ಗದರುತ್ತಿದ್ದ. ಗದರಲು ಅನುಕೂಲವಾಗಲಿ ಎಂದು ದರ್ಜಿಯ ಟೇಪೊಂದನ್ನು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಈಗಲೂ ಇತ್ತು. ನವಲೂರು ದಾಟುವಾಗ ಅವನ ತಲೆ ಬೇಡವೆಂದರೂ ಲೆಕ್ಕ ಹಾಕಿತು: ಐದು ಅಡಿ ಎಂಟು ಇಂಚಿನವನಿಗೆ ಒಂದು ಉಸಿರಿಗೆ ನಾನೂರಾ ಹತ್ತು ಮಿಲಿ, ಐದು ಎರಡರವನಿಗೆ ಮುನ್ನೂರಾ ಮೂವತ್ತು. ಹೆಚ್ಚಾದ ಎಂಬತ್ತು ಮಿಲಿ ಎಂದರೆ ಗೂಡಂಗಡಿಯ ಒಂದು ಸಣ್ಣ ಗ್ಲಾಸ್ ಚಹಾ. ನಿಮಿಷಕ್ಕೆ ಇಪ್ಪತ್ನಾಲ್ಕು ಗ್ಲಾಸು. ಮೂರು ದಿನದಲ್ಲಿ ಲಕ್ಷ ಗ್ಲಾಸು.

ಮೊದಲ ದಿನ ಟೇಪು ತೆಗೆದದ್ದಂತೂ ಖರೆ. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಸೋಮವಾರ ಗುರುಸಿದ್ದಯ್ಯನವರನ್ನು ಯಂತ್ರಕ್ಕೆ ಹಾಕಿದ ಮೇಲೆ ಅವನು ಟೇಪಿನ ತುದಿಯನ್ನು ಅವರ ನೆತ್ತಿಯ ಹತ್ತಿರ ಹಿಡಿದದ್ದೇ ತಡ, ವಿಭೂತಿ ಹಚ್ಚಿ ಹೋಗುತ್ತೇನೆಂದು ಒಳಗೆ ಬಂದಿದ್ದ ಅವರ ಹೆಂಡತಿ ಶರಣವ್ವ ಚೀರಿದರು. “ಏನ್ ಮಾಡಾಕತ್ತೀರಿ? ಜೀವ ಇದ್ದವರನ್ನ ಮಲಗಿಸಿ ಅಳೀತಾರೇನು? ನಮ್ಮಲ್ಲಿ ಅಳಿಯೂದು ಯಾವಾಗ ಅಂತ ಗೊತ್ತಿಲ್ಲೇನು ನಿಮಗ?” ಗೊತ್ತಿತ್ತು. ಅವರ ಮನೆತನದಲ್ಲಿ ತೀರಿಕೊಂಡವರ ಪಾದದ ಅಳತೆ ತೆಗೆದು, ಅಂಥ ಒಂಬತ್ತು ಪಾದ ಉದ್ದಕ್ಕೆ ಕುಣಿ ತೋಡುತ್ತಾರೆ. ಇದು ಬರೀ ಗಾಳಿಯ ಲೆಕ್ಕಕ್ಕೆ ಎಂದು ಹೇಳಲು ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಆಕೆ ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನೇ ನೋಡಿ, “ಅಯ್ಯ, ನೀ ನಮ್ಮ ಬೀರಲಿಂಗಪ್ಪನ ಮಗ ಕಲ್ಲ್ಯಾ ಅಲ್ಲೇನು?” ಅಂದರು. ನರ್ಸ್ ಜೋಯಾ ಇದ್ದಳು, ಕಿರಿಯ ಡಾಕ್ಟರ್ ಹನುಮೇಶ ಇದ್ದ. ಎಂಬಿಬಿಎಸ್ಸು, ಎಂಡಿ, ಅದರ ಮೇಲಿನ ಎರಡು ವರ್ಷದ ಓದು ಎಲ್ಲ ಕಳಚಿ ಬಿದ್ದು ಕಲ್ಲ್ಯಾ ಒಬ್ಬನೇ ಉಳಿದ. “ಹೌದ್ರಿ ಅವ್ವಾರ” ಎಂದ. ಟೇಪು ತಾನಾಗಿ ಜೇಬಿಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮಗ ಗುರುಪಾದ, “ಅಪ್ಪಾಜಿ ಐದು ಎಂಟು ಅದಾರ್ರಿ, ಬರಕೊಳ್ರಿ” ಅಂದ. ಆ ಮನೆಯಲ್ಲಿ ಅಪ್ಪಾಜಿಯ ಪಕ್ಕಕ್ಕೆ ನೆಟ್ಟಗೆ ನಿಂತವರು ಯಾರೂ ಇರಲಿಲ್ಲ, ಹಾಗಾಗಿ ಅವನು ಸುಳ್ಳು ಹೇಳಲಿಲ್ಲ. ಕಲ್ಲೇಶನೂ ಅಂಜಿ ಬರೆದುಕೊಳ್ಳಲಿಲ್ಲ, ನಂಬಿಯೇ ಬರೆದುಕೊಂಡ. ಎಂಟನೇ ವಯಸ್ಸಿನಲ್ಲಿ ಅಪ್ಪನ ಬುತ್ತಿ ಹಿಡಿದು ಆ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ನೋಡಿದ ಗುರುಸಿದ್ದಯ್ಯ ಅವನ ಕಣ್ಣಲ್ಲಿ ಹಾಗೇ ಇದ್ದರು: ಗಾದಿಯ ಮೇಲೆ, ಪಟಗಾದ ಕೆಳಗೆ, ಮುಗಿಲಿಗೆ ಹತ್ತಿರ. ಐದು ಎಂಟು ಕಡಿಮೆಯೇ ಆಯಿತೇನೋ ಅನ್ನಿಸಿತ್ತು.

ಆ ಅಂಗಡಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಆಳುಗಳು ಚೀಲದೊಳಗೆ ಇಳಿದು ಕಾಯಿಯನ್ನು ಕಾಲಿನಿಂದ ತುಳಿತುಳಿದು ತುಂಬುತ್ತಿದ್ದರು. ಸಾಹುಕಾರರು ಗಾದಿಯ ಮೇಲಿಂದ “ಇನ್ನಽ ಹಿಡೀತೈತಿ, ತುಳೀರಿ” ಅನ್ನುತ್ತಿದ್ದರು. ಅಪ್ಪ ಮಾತ್ರ ಕೆಳಗಿನ ದನಿಯಲ್ಲಿ, “ಎಷ್ಟು ತುಳದ್ರೂ ಚೀಲ ತನ್ನ ಅಳತಿ ಬಿಡೂದಿಲ್ರಿ, ಹೊಲಿಗಿ ಬಿಡ್ತೈತಿ” ಅನ್ನುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ತಕ್ಕಡಿಯ ಮುಂದೆ ನಿಂತು ಗಂಟಲು ಎತ್ತರಿಸಿ ಎಣಿಸುತ್ತಿದ್ದ: ಲಾಭ, ಎರಡು, ಮೂರು. ಮಾರ್ಕೆಟ್ಟಿನಲ್ಲಿ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಶುರುವಾತಿಗೆ ಶುಭ ಇರಲಿ ಅಂತ. ಅಪ್ಪನಿಗೆ ಅದು ಎಷ್ಟು ಮೈಗಂಟಿದೆಯೆಂದರೆ ತಾಟಿನ ರೊಟ್ಟಿಯನ್ನೂ, ಆಸ್ಪತ್ರೆಯ ಮೆಟ್ಟಿಲನ್ನೂ, ಬಿಪಿಯ ಗುಳಿಗೆಯನ್ನೂ ಲಾಭದಿಂದಲೇ ಎಣಿಸುತ್ತಾನೆ. ಒಂದು ಎಂಬ ಸಂಖ್ಯೆ ಅವನ ಪಾಲಿಗೆ ಇಲ್ಲವೇ ಇಲ್ಲ. ಇದರ ಮೇಲೆ ಮೊಮ್ಮಕ್ಕಳು ನಗುತ್ತಾರೆ, ಕಲ್ಲೇಶನೂ ನಗುತ್ತಾನೆ.

ಐಸಿಯುದಲ್ಲಿ ಜೋಯಾ ಅವನ ದಾರಿಯನ್ನೇ ಕಾಯುತ್ತಿದ್ದಳು. ಹಳೇ ಹುಬ್ಬಳ್ಳಿಯ ಹುಡುಗಿ, ಮೂರು ವರ್ಷದ ಸರ್ವಿಸು, ಮಾತು ಕಡಿಮೆ. ಅದೇ ಅವನಿಗೆ ಅವಳಲ್ಲಿ ಆಗದ ಗುಣ, ಏಕೆಂದರೆ ಮಾತಾಡಿದಾಗ ತಪ್ಪು ಹುಡುಕಲು ಆಗುತ್ತಿರಲಿಲ್ಲ. “ಸರ್, ಪ್ಲಾಟೋ ಮೂವತ್ನಾಕು ಐತ್ರಿ” ಅಂದಳು. ಉಸಿರನ್ನು ಅರ್ಧ ಸೆಕೆಂಡು ತಡೆದು ಒಳಗಿನ ಒತ್ತಡ ನೋಡುವುದಕ್ಕೆ ಅವರು ಹಾಗನ್ನುತ್ತಾರೆ. ಕಲ್ಲೇಶ ತಾನೇ ಗುಂಡಿ ಒತ್ತಿ ನೋಡಿದ. ಮೂವತ್ನಾಲ್ಕು. ನಳಿಕೆಯಲ್ಲಿ ನೀರು ನಿಂತಿರಬೇಕೆಂದು ನೀರು ತೆಗೆಸಿದ. ಕಫ ಎಳೆಸಿದ. ನಿದ್ದೆಯ ಔಷಧಿ ಏರಿಸಿದ. ಮತ್ತೆ ಒತ್ತಿದ, ಮೂವತ್ನಾಲ್ಕೇ. “ಮಶೀನ್ ಹಳೇದಾಗೇದ” ಎಂದ. ಕಳೆದ ತಿಂಗಳು ತಾನೇ ರಿಬ್ಬನ್ ಕತ್ತರಿಸಿ ಆರತಿ ಎತ್ತಿಸಿದ ಮಶೀನು ಅದು. ಹನುಮೇಶ ಗೋಡೆಯ ಕಡೆ ನೋಡಿದ. ಜೋಯಾ ನೋಡಲಿಲ್ಲ. “ಸರ್, ಇವರು ಅಷ್ಟು ಎತ್ತರ ಕಾಣೂದಿಲ್ರಿ. ಹಾಸಿಗಿ ಇನ್ನೂ ಒಂದು ಮೊಳ ಉಳದೈತಿ ಕೆಳಗ.” ನೋಡಿದರೆ ಹೌದು. ಸಾಹುಕಾರರ ಪಾದಗಳು ಎಲ್ಲೋ ನಡುದಾರಿಯಲ್ಲೇ ಮುಗಿದಿದ್ದವು, ಸಣ್ಣ, ಬೆಳ್ಳನೆಯ, ಹುಡುಗಿಯರ ಕಾಲಿನಂಥ ಪಾದಗಳು. ಅವುಗಳನ್ನು ಇಲ್ಲಿಯವರೆಗೆ ಯಾರೂ ನೋಡಿರಲಿಲ್ಲ, ಎಲ್ಲರೂ ಮುಟ್ಟಿ ನಮಸ್ಕಾರ ಮಾಡಿದ್ದರು ಅಷ್ಟೇ. “ಕಾಲು ಮಡಚಿರ್ತಾರವಾ. ನೀ ನಿನ್ನ ಕೆಲಸ ನೋಡು” ಎಂದ ಕಲ್ಲೇಶ. ಸಾಹುಕಾರರ ಕಾಲು ಸ್ಕೇಲಿನಷ್ಟು ನೆಟ್ಟಗಿದ್ದವು.

ಅವನಿಗೆ ನಾಚಿಕೆಯಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಜೇಬಿಗೆ ಕೈ ಹಾಕಿದ, ಟೇಪಿನ ತಗಡಿನ ತುದಿ ಬೆರಳಿಗೆ ತಣ್ಣಗೆ ಹತ್ತಿತು. ಎರಡು ನಿಮಿಷದ ಕೆಲಸ. ಆದರೆ ಅಳೆದರೆ ಫೈಲಿನಲ್ಲಿ ಎತ್ತರ ತಿದ್ದಬೇಕು. ತಿದ್ದಿದರೆ ಮೂರು ದಿನ ತಪ್ಪು ಕೊಟ್ಟದ್ದು ಅಕ್ಷರದಲ್ಲಿ ನಿಲ್ಲುತ್ತದೆ. ಅದೂ ಇರಲಿ ಎನ್ನಬಹುದಿತ್ತು, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಧಾರವಾಡದಲ್ಲಿ ಡಾಕ್ಟರುಗಳ ಸಭೆಯಲ್ಲಿ ಅವನ ಭಾಷಣ, ವಿಷಯ ಸುರಕ್ಷಿತ ಒತ್ತಡ. ಅದರ ಆರನೆಯ ಸ್ಲೈಡಿನಲ್ಲಿ ಮಾದರಿಯೆಂದು ಹಾಕಿದ್ದು ಇದೇ ರೋಗಿಯ ಲೆಕ್ಕ: ಅರವತ್ನಾಲ್ಕು ವರ್ಷದ ವ್ಯಾಪಾರಿ, ಐದು ಅಡಿ ಎಂಟು ಇಂಚು, ನಾನೂರಾ ಹತ್ತು. ಲೆಕ್ಕದ ಪ್ರಕಾರ ಎಲ್ಲ ಸರಿಯೇ ಇದೆ, ಇದಕ್ಕಿಂತ ಇಳಿಸಿದರೆ ರಕ್ತದಲ್ಲಿ ಕೆಟ್ಟ ಗಾಳಿ ಏರುತ್ತದೆ, ಒಂದು ದಿನ ನೋಡೋಣ ಎಂದು ಒಳಗಿನ ವಕೀಲ ವಾದ ಹೂಡಿದ. ಗಾಜಿನ ಬಾಗಿಲ ಆಚೆ ಶರಣವ್ವ ವಿಭೂತಿಯ ಪೊಟ್ಟಣ ಹಿಡಿದು ನಿಂತಿದ್ದರು. ಅವನು ನೋಡಿದೊಡನೆ ಎರಡೂ ಕೈ ಎತ್ತಿ ಮುಗಿದರು. ಕಲ್ಲ್ಯಾನಿಗೆ ಸಾಹುಕಾರರ ಹೆಂಡತಿ ಕೈ ಮುಗಿಯುವುದೆಂದರೇನು! ಆ ಸುಖದಲ್ಲಿ ಟೇಪು ಇನ್ನೊಮ್ಮೆ ಜೇಬಿನ ತಳ ಸೇರಿತು. “ಬಂದು ನೋಡತೇನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ” ಎಂದು ಹನುಮೇಶನಿಗೆ ಹೇಳಿ, ಫೋನಿನ ಗಂಟೆ ಬಂದ್ ಮಾಡಿಕೊಂಡು ಅವನು ಧಾರವಾಡಕ್ಕೆ ಹೊರಟ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರೆ; ಇವನಿಗೆ ಆ ದಿನ ಪುರಾಣದ್ದೇ ಅವಸರ.

ಭಾಷಣ ಛಲೋ ಆಯಿತು. ತಪ್ಪಿತಸ್ಥನ ಬಾಯಿಗೆ ಎಲ್ಲಿಂದ ಅಷ್ಟು ಕಳೆ ಬರುತ್ತದೋ. ಯಂತ್ರ ಉಸಿರು ಕೊಡುತ್ತದೆ, ಕರುಣೆ ನಾವು ಕೊಡಬೇಕು ಎಂದ. ಎರಡನೆಯ ಸಾಲಿನ ಹಿರಿಯರೊಬ್ಬರು ತಲೆದೂಗಿದರು. ಆರನೆಯ ಸ್ಲೈಡು ಬಂದಾಗ ದನಿ ತುಸು ಓಡಿತು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ, ಇನ್ನೂ ಓದುತ್ತಿರುವವಳು, ಎದ್ದು ನಿಂತು, “ಸರ್, ಈ ಪೇಷಂಟಿನ ಎತ್ತರ ಹೆಂಗ ತಗೊಂಡ್ರಿ?” ಎಂದು ಕೇಳಿದಳು. ಅವಳಿಗೆ ಬೇರೇನೂ ಉದ್ದೇಶವಿರಲಿಲ್ಲ, ಟಿಪ್ಪಣಿ ಬರೆದುಕೊಳ್ಳಲು ಕೇಳಿದ್ದಳು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಹಾಗೆ ಅವನ ಕೈ ಜೇಬಿಗೆ ಹೋಯಿತು. ಹೋದ ಕೈ ಬರಿದೇ ಬರಬಾರದೆಂದು ಟೇಪನ್ನು ಹೊರಗೆ ಎಳೆದು ಎತ್ತಿ ಹಿಡಿದ. “ಇದರಿಂದ. ಸ್ವತಃ ನಾನಽ.” ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವ ಮೊದಲೇ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಕೊನೆಗೆ ಜರಿಯ ಪೇಟ ಬಂತು. ಅದನ್ನು ಹಾಕುವ ಅಧ್ಯಕ್ಷರಿಗೆ ಅನುಕೂಲವಾಗಲೆಂದು ಅವನು ತಲೆ ಬಗ್ಗಿಸಿದ. ಅದರ ಅಗತ್ಯವೇನೂ ಇರಲಿಲ್ಲ. ಫೋಟೋದಲ್ಲಿ ಪೇಟದ ದೆಸೆಯಿಂದ ಅವನು ಐದು ಏಳರ ಆಸುಪಾಸು ಕಾಣುತ್ತಿದ್ದ. ಕಾಣಲಿ ಎಂದು ಎರಡು ಕ್ಷಣ ಹೆಚ್ಚಿಗೆ ನಿಂತ. ಹಾಗೆ ನಿಂತಿರುವಾಗ ಗಾದಿಯ ಕೆಳಗಿನ ಹಲಗೆ ನೆನಪಾಗಿ, ಪೇಟದೊಳಗೆ ನೆತ್ತಿ ಬೆವೆತಿತು.

ಊಟದ ತಾಟು ಕೈಯಲ್ಲಿದ್ದಾಗ ಫೋನು ನೋಡಿದ. ಜೋಯಾಳದು ಐದು ಸಲ, ಹನುಮೇಶನದು ಮೂರು ಸಲ. ತಿರುಗಿ ಮಾಡಿದಾಗ ಹನುಮೇಶ ಎತ್ತಿದ. “ಸರ್, ಎಡಗಡಿ ಶ್ವಾಸಕೋಶ ಹರದೈತ್ರಿ. ಎದ್ಯಾಗ ಗಾಳಿ ತುಂಬಿತ್ತು, ನಳಿಗಿ ಹಾಕೇನ್ರಿ. ಬಿಪಿ ಇಳದೈತಿ.” ಕಲ್ಲೇಶ ತಾಟನ್ನು ಯಾರ ಕೈಗೆ ಕೊಟ್ಟನೋ ತಿಳಿಯದು. ನವಲೂರಿನ ಹತ್ತಿರ ಕನ್ನಡಿಯಲ್ಲಿ ನೋಡಿಕೊಂಡಾಗ ಪೇಟ ತಲೆಯ ಮೇಲೇ ಇತ್ತು. ತೆಗೆದು ಹಿಂದಿನ ಸೀಟಿಗೆ ಎಸೆದ, ಅದು ಹಣ್ಣಿನ ಬುಟ್ಟಿಯ ಮೇಲೆ ಹೋಗಿ ಕುಳಿತುಕೊಂಡಿತು. ಅಪ್ಪನ ಮಾತು ಎರಡೇ ಶಬ್ದವಾಗಿ ಕಿವಿಯಲ್ಲಿ ತಿರುಗುತ್ತಿತ್ತು. ಹೊಲಿಗಿ ಬಿಡ್ತೈತಿ, ಹೊಲಿಗಿ ಬಿಡ್ತೈತಿ.

ಐಸಿಯುದಲ್ಲಿ ಜೋಯಾ ನರ್ಸುಗಳು ಬರೆಯುವ ಹಾಳೆಯನ್ನು ಮುಂದೆ ಹಿಡಿದಳು. ಹನ್ನೆರಡು ಗಂಟೆ ಹತ್ತು ನಿಮಿಷ, ಎತ್ತರ ಐದು ಅಡಿ ಎರಡು ಇಂಚು, ಟೇಪಿನಿಂದ, ಕೆಳಗೆ ಅವಳ ಸಹಿ. ಶರಣವ್ವ ಊಟಕ್ಕೆ ಹೋದಾಗ ಅಳೆದಿದ್ದಳು. ಸೆಟ್ಟಿಂಗ್ ಇಳಿಸಲೇ ಎಂದು ಕೇಳಲು ಫೋನು ಮಾಡಿದ್ದಳು. ಅವನು ಸಭೆಗೆ ಟೇಪು ಎತ್ತಿ ತೋರಿಸುತ್ತಿದ್ದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಇನ್ನೊಂದು ಟೇಪು ಅವನ ಕೆಲಸ ಮಾಡಿ ಮುಗಿಸಿತ್ತು. “ನೀನಾದರೂ ಇಳಸಬೇಕಿತ್ತಲ್ಲೋ!” ಎಂದು ಅವನು ಹನುಮೇಶನ ಮೇಲೆ ಹರಿಹಾಯ್ದ. ಹನುಮೇಶ ತಲೆದೆಸೆಯ ಕೆಂಪು ಸಾಲಿನತ್ತ ಬೆರಳು ತೋರಿಸಿ, “ನಿಮ್ಮನ್ನ ಕೇಳದ ಮುಟ್ಟಬಾರದು ಅಂತ ಐತೆಲ್ರಿ ಸರ್” ಅಂದ. ಆ ದನಿಯಲ್ಲಿ ಕೊಂಕು ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಕಲ್ಲೇಶ ಯಂತ್ರವನ್ನು ಮುನ್ನೂರಾ ಮೂವತ್ತಕ್ಕೆ ಇಳಿಸಿದ. ಪ್ಲಾಟೋ ಇಪ್ಪತ್ತೆಂಟಕ್ಕೆ ಬಂತು, ಒಳ್ಳೆಯ ವಿದ್ಯಾರ್ಥಿಯ ಹಾಗೆ, ಒಂದೇ ಮಾತಿಗೆ. “ಸರ್, ನಾ ಬರದದ್ದು ಹೊಡದ ಹಾಕ್ಲೇನ್ರಿ?” ಎಂದು ಜೋಯಾ ಮೆಲ್ಲಗೆ ಕೇಳಿದಳು. “ಬ್ಯಾಡ, ಇರ್ಲಿ” ಎಂದ. ಆ “ಇರ್ಲಿ” ಎಂಬ ಪ್ರಾಮಾಣಿಕತೆಯನ್ನು ಅವನು ಮುಂದೆ ಎರಡು ತಾಸು ಮನಸ್ಸಿನಲ್ಲೇ ಚಪ್ಪರಿಸಿದ. ಹೊರಗೆ ಕುಳಿತಿದ್ದ ಮನೆಯವರಿಗೆ ಮಾತ್ರ, ಇದು ರೋಗದ ಗುಣ, ಕೆಲವರಿಗೆ ಹೀಗಾಗುತ್ತದೆ ಎಂದಷ್ಟೇ ಹೇಳಿದ. ಇಂಥ ರೋಗಿಗಳಲ್ಲಿ ನೂರಕ್ಕೆ ನಲವತ್ತು ಜನ ಏನು ಮಾಡಿದರೂ ಉಳಿಯುವುದಿಲ್ಲ ಎಂದೂ ಹೇಳಿದ. ಅದು ಖರೆಯೇ. ಆ ನಲವತ್ತರ ಗುಂಪಿನಲ್ಲಿ ಸಾಹುಕಾರರು ಇದ್ದರೋ ಇಲ್ಲವೋ, ಅದು ಇನ್ನು ಯಾವ ಟೇಪಿಗೂ ಸಿಗುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಗುರುಸಿದ್ದಯ್ಯನವರು ತೀರಿಕೊಂಡರು. ಗುರುಪಾದ ಕಣ್ಣೊರೆಸಿಕೊಂಡು ಬಂದು ಅವನ ಕೈ ಹಿಡಿದು, “ನೀವೇನೂ ಕಡಿಮಿ ಮಾಡ್ಲಿಲ್ರಿ ಡಾಕ್ಟರ್” ಅಂದ. ಹೌದು, ಕಡಿಮೆ ಮಾಡಲಿಲ್ಲ, ಅದೇ ಆದದ್ದು ಎಂದು ಬಾಯಿತನಕ ಬಂತು.

ಹತ್ತು ಗಂಟೆಗೆ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದ. ಹೋಗದಿದ್ದರೆ ಅಪ್ಪ ಬಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಸಾಹುಕಾರರನ್ನು ಎತ್ತರದ ಮಣೆಯ ಮೇಲೆ ಕುಳ್ಳಿರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಪಟಗಾ ಸುತ್ತಿದ್ದರು. ಭಜನೆ ನಡೆದಿತ್ತು. ಕೆಳಗೆ ಕುಳಿತ ಕಲ್ಲೇಶ ತಲೆ ಎತ್ತಿ ನೋಡಿದ, ಮತ್ತೆ ಅವರು ಎತ್ತರವಾಗಿಯೇ ಕಂಡರು. ಕುಣಿ ತೋಡುವವರಿಗೆ ಅಳತೆ ಕಳಿಸಬೇಕೆಂದು ಯಾರೋ ಸುತಳಿ ತಂದರು, ಚೀಲದ ಬಾಯಿ ಹೊಲಿಯುವ ಅದೇ ಸುತಳಿ. ಶರಣವ್ವ ಸುತ್ತ ನೋಡಿ, “ಬೀರಲಿಂಗಪ್ಪಾ, ನಲವತ್ತು ವರ್ಷ ಅವರ ಅಂಗಡ್ಯಾಗ ಅಳದ ಕೈ ನಿಂದು. ಇದೂ ನೀನಽ ಅಳಿಯಪ್ಪಾ” ಅಂದರು. ಅಪ್ಪ ಎದ್ದ. ಮೊಣಕಾಲೂರಿ ಸಾಹುಕಾರರ ಸಣ್ಣ ಪಾದಕ್ಕೆ ಸುತಳಿ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿಗೆ ಎಳೆದು, ಬೆರಳಲ್ಲಿ ಗುರುತು ಹಿಡಿದುಕೊಂಡ.

ಆಗ ಶರಣವ್ವ ಕಲ್ಲೇಶನ ಕಡೆ ತಿರುಗಿದರು. ಇಷ್ಟು ದಿನ ಅವರ ಮುಖದಲ್ಲಿದ್ದ ಯಜಮಾನಿಕೆ ಇರಲಿಲ್ಲ, ಬರೀ ಹೆದರಿಕೆ ಇತ್ತು. “ಒಂದು ಮಾತು ಕೇಳ್ತೇನ್ರಿ ಡಾಕ್ಟರ್” ಅಂದರು. ಕಲ್ಲ್ಯಾ ಅನ್ನಲಿಲ್ಲ. “ಅವತ್ತ ನೀವು ಅಳ್ಯಾಕ ಬಂದಾಗ ನಾ ಬ್ಯಾಡಂದೆ. ರಾತ್ರೆಲ್ಲಾ ಅದಽ ತಲ್ಯಾಗ ಕುಂತೈತಿ. ಅವತ್ತ ಅಳದಿದ್ರ ಇವರು ಉಳೀತಿದ್ದರೇನ್ರಿ?” ಭಜನೆಯವರು ಹಾಡು ಬದಲಿಸುವ ಹೊತ್ತು, ತಾಳ ಸುಮ್ಮನಾಗಿತ್ತು. ಕಲ್ಲೇಶನ ಒಳಗೆ ನಿಜ ಎದ್ದು ನಿಂತಿತು. ನಿಮ್ಮದಲ್ಲ ತಪ್ಪು ಅವ್ವಾರ, ಅಳೆಯುವುದು ನನ್ನ ಕೆಲಸ, ಗುರುವಾರ ಮುಂಜಾನೆ ನನಗೆ ಗೊತ್ತಿತ್ತು. ಇಷ್ಟೇ ಹೇಳಬೇಕಾಗಿದ್ದದ್ದು. ಆಕೆಯ ಮಡಿಲಿಗೆ ಬಿದ್ದ ಭಾರವನ್ನು ಎತ್ತಿ ತನ್ನ ತಲೆಗೆ ಇಟ್ಟುಕೊಂಡರೆ ಆಗುತ್ತಿತ್ತು. “ಇಲ್ರಿ ಅವ್ವಾರ” ಎಂದ. “ಅಳತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಏನೂ ಫರಕ್ ಆಗ್ತಿದ್ದಿಲ್ಲ.” ಶರಣವ್ವ ಉಸಿರು ಬಿಟ್ಟರು, ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. “ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ” ಅಂದರು. ಆಕೆಯ ಕಣ್ಣೀರು ಅವನ ಬೆರಳ ಸಂದಿಯಲ್ಲಿ ಇಳಿಯಿತು. ಕೈ ಎಳೆದುಕೊಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ.

ಸಾಹುಕಾರರ ಕಾಲ ಬಳಿ ಸುತಳಿ ಹಿಡಿದು ಕುಳಿತಿದ್ದ ಅಪ್ಪ ತಲೆ ಎತ್ತಿ ಅವನನ್ನು ನೋಡಿದ. ತಕ್ಕಡಿಯ ಮುಳ್ಳನ್ನು ನೋಡುವಾಗಿನ ನೋಟ ಅದು, ಸಿಟ್ಟಿಲ್ಲ, ಕರುಣೆಯಿಲ್ಲ, ಎಷ್ಟು ಅನ್ನುವುದಷ್ಟೇ. ಉಪ್ಪಿಟ್ಟಿನ ತಟ್ಟೆಯ ಮುಂದೆ ನಿಂತುಹೋದ ಚಮಚ ಅಪ್ಪನಿಗೆ ನೆನಪಿತ್ತು. ಆಮೇಲೆ ಅವನು ಬಗ್ಗಿ ಪಾದದ ಅಳತೆಯನ್ನು ಸುತಳಿಯ ಮೇಲೆ ಮಡಚಿ ಎಣಿಸತೊಡಗಿದ. ಮಾರ್ಕೆಟ್ಟಿನಲ್ಲಿ ಹೇಗೋ ಹಾಗೇ, ಎಲ್ಲರಿಗೂ ಕೇಳುವಂತೆ, ಗಂಟಲು ಎತ್ತರಿಸಿ.

“ಒಂದು” ಎಂದ ಅಪ್ಪ.